ಟೊರಾಂಟೊದಲ್ಲಿರುವ ಗೆಳೆಯನಿಗೆ, ಗಾಂಜಾ ವಿಚಾರವಾಗಿ

ಪ್ರೀತಿಯ ಶ್ರೀಪತಿ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಆರಿದ್ರೆಯಲ್ಲಿ ಹಿಡಿದ ಮಳೆ ಪುನರ್ವಸುವಿನಲ್ಲೂ ಬಿಟ್ಟಿಲ್ಲ. ಅಡಿಕೆ ತೋಟಕ್ಕೆ ಒಂದು ಸಲ ಕೊಳೆರೋಗದ ಔಷಧಿ ಬೋರ್ಡೋ ಹೊಡೆಸಿ ಆಗಿದೆ. ಎರಡನೆಯ ಸಲಕ್ಕೆ ಮೈಲುತುತ್ತ ತಂದಿಟ್ಟುಕೊಂಡು, ಒಂದು ದಿನ ಹೊಳವಾದರೆ ಸಾಕು ಎಂದು ಆಕಾಶ ನೋಡುತ್ತಾ ಕೂತಿದ್ದೇವೆ. ಆದರೆ ಉತ್ತರ ತಡವಾದದ್ದು ಮಳೆಯಿಂದಲ್ಲ. ನಿನಗೆ ಒಂದು ವಿಷಯ ಹೇಳದೆ ಉತ್ತರ ಬರೆಯುವಂತಿರಲಿಲ್ಲ, ಹೇಳುವುದಕ್ಕೆ ಮನೆಯವರ ಒಪ್ಪಿಗೆ ಬೇಕಿತ್ತು.

ಫೆಬ್ರವರಿಯಲ್ಲಿ ಶಿವಮೊಗ್ಗದ ಹೊರವಲಯದ ಬಡಾವಣೆಯೊಂದರಲ್ಲಿ ಗಾಂಜಾ ಸೇದುತ್ತಿದ್ದ ನಾಲ್ವರು ವಿದ್ಯಾರ್ಥಿಗಳನ್ನು ಹಿಡಿದ ಸುದ್ದಿಯ ತುಣುಕನ್ನು ಯಾರೋ ನಿನಗೆ ಈಗ ಕಳಿಸಿದ್ದಾರೆ. ಅದನ್ನು ಓದಿ ನೀನು ಸಿಟ್ಟಿನಿಂದ ಬರೆದಿದ್ದೆ: ನಮ್ಮಲ್ಲಿ 2018ರ ಅಕ್ಟೋಬರ್ 17ರಿಂದ ಇದು ಕಾನೂನುಬದ್ಧ, ಹತ್ತೊಂಬತ್ತು ತುಂಬಿದವರು ಅಂಗಡಿಗೆ ಹೋಗಿ ಗುರುತಿನ ಚೀಟಿ ತೋರಿಸಿ ತರುತ್ತಾರೆ, ಆಕಾಶವೇನೂ ಕಳಚಿ ಬಿದ್ದಿಲ್ಲ, ನೀವು ಇನ್ನೂ ಹುಡುಗರ ಮುಖಕ್ಕೆ ಬಟ್ಟೆ ಕಟ್ಟಿಸಿ ಫೋಟೊ ತೆಗೆಯುತ್ತೀರಿ ಎಂದು.

ಆ ಫೋಟೊದಲ್ಲಿ ಎಡಗಡೆಯಿಂದ ಎರಡನೆಯವನು ನಮ್ಮ ಅಕ್ಕನ ಮಗ. ನೀನು ಹೋದ ಸಲ ಬಂದಾಗ ನಿನ್ನ ಪೆಟ್ಟಿಗೆ ಹೊತ್ತು ತೀರ್ಥಹಳ್ಳಿ ಬಸ್ ನಿಲ್ದಾಣದವರೆಗೆ ಬಂದಿದ್ದನಲ್ಲ, ಅವನೇ.

ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕಬೇಕು ಎಂದದ್ದು ಅಕ್ಕ. ನಮ್ಮ ಹಾಗೆ ಬಾಯಿ ಮುಚ್ಚಿಕೊಂಡು ಕೂತ ಮನೆಗಳು ಎಷ್ಟಿವೆಯೋ ಎಂದಳು. ಅವನನ್ನೂ ಕೇಳಿದೆ. ಹೆಸರು, ಕಾಲೇಜು, ಠಾಣೆ ಯಾವುದೂ ಬೇಡ ಮಾವ, ಉಳಿದದ್ದೆಲ್ಲ ಬರೆ ಎಂದ.

ರಾತ್ರಿ ಹನ್ನೊಂದೂವರೆಗೆ ಫೋನು ಬಂತು. ಭಾವನಿಗೆ ಸಕ್ಕರೆ ಕಾಯಿಲೆ, ರಾತ್ರಿ ಗಾಡಿ ಓಡಿಸುವುದಿಲ್ಲ. ನಾನೇ ಹೋದೆ. ಠಾಣೆಯ ಬೆಂಚಿನ ಮೇಲೆ ನಾಲ್ವರೂ ಸಾಲಾಗಿ ಕೂತಿದ್ದರು. ಮೇಜಿನ ಮೇಲೆ ದಿನಪತ್ರಿಕೆಯ ಚೂರಿನಲ್ಲಿ ಕಟ್ಟಿದ ಪೊಟ್ಟಣ, ಬಿಚ್ಚಿಟ್ಟಿದ್ದರು. ನಮ್ಮ ಅಂಗೈಯಲ್ಲಿ ಹಿಡಿಸುವಷ್ಟು ಒಣಗಿದ ಸೊಪ್ಪು, ಕಡ್ಡಿ, ನಾಲ್ಕಾರು ಬೂದುಬಣ್ಣದ ಬೀಜ. ಆ ಘಾಟು ನನಗೆ ಗುರುತು ಸಿಕ್ಕಿತು. ನಿನಗೂ ಸಿಗುತ್ತಿತ್ತು. ಅಡಿಕೆ ಬೇಯಿಸುವ ಒಲೆಯ ಮುಂದೆ ಬೈರಜ್ಜ ಚಿಲುಮೆ ಹಚ್ಚಿದಾಗ ಬರುತ್ತಿದ್ದದ್ದು ಅದೇ ಘಾಟು. ಅವನು ಅದನ್ನು ಗಾಂಜಾ ಎನ್ನುತ್ತಿರಲಿಲ್ಲ, ಭಂಗಿ ಎನ್ನುತ್ತಿದ್ದ. ಎಮ್ಮೆಗೆ ಭೇದಿ ಹಿಡಿದರೆ ಅದೇ ಭಂಗಿ ಸೊಪ್ಪನ್ನು ಅರೆದು ಗೊಟ್ಟದಲ್ಲಿ ಕುಡಿಸುತ್ತಿದ್ದ. ಅವನನ್ನು ಯಾರೂ ಅಪರಾಧಿ ಎಂದು ನೋಡಿದ್ದು ನನಗೆ ನೆನಪಿಲ್ಲ.

ಆಸ್ಪತ್ರೆಗೆ ಕರೆದೊಯ್ದು ಮೂತ್ರ ಪರೀಕ್ಷೆ ಮಾಡಿಸಿದರು. ಮರುದಿನ ಪತ್ರಿಕೆಯಲ್ಲಿ 'ಗಾಂಜಾ ಸೇವನೆ ದೃಢ' ಎಂದು ಬಂತು. ಊರಿನಲ್ಲಿ ಅಷ್ಟು ಸಾಕಾಯಿತು. ಅಕ್ಕ ಹದಿನೈದು ದಿನ ಹಾಲಿನ ಡೈರಿಗೆ ಹೋಗಲಿಲ್ಲ, ಪಕ್ಕದ ಮನೆಯವರ ಕೈಯಲ್ಲಿ ಹಾಲು ಕಳಿಸಿದಳು.

ಅವನನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದೆ. ಗಾಡಿಯನ್ನು ಬೇಕೆಂದೇ ಶಿವಮೊಗ್ಗದಲ್ಲಿ ಸ್ನೇಹಿತರ ಮನೆಯಲ್ಲಿ ಬಿಟ್ಟೆ. ಪಕ್ಕದಲ್ಲಿ ಕೂರಿಸಿಕೊಳ್ಳಬೇಕು ಅನ್ನಿಸಿತ್ತು. ಗಾಜನೂರು, ಸಕ್ರೆಬೈಲು ದಾಟುವವರೆಗೂ ಅವನು ಕಿಟಕಿಯ ಕಂಬಿ ಹಿಡಿದುಕೊಂಡೇ ಇದ್ದ. ಮಂಡಗದ್ದೆ ಹತ್ತಿರ ಬಂದಾಗ ಹೊಳೆಯ ನಡುವಿನ ಮರಗಳು ಖಾಲಿ ಕಾಣುತ್ತಿದ್ದವು, ಬೆಳ್ಳಕ್ಕಿ ಬರುವ ಕಾಲವಲ್ಲ. ಅಲ್ಲಿ ಬಾಯಿ ಬಿಟ್ಟ. "ಮಾವ, ಮೊದಲನೆಯ ವರ್ಷದಿಂದ ಸೇದುತ್ತಿದ್ದೇನೆ. ಮೊದಮೊದಲು ಶನಿವಾರ ಮಾತ್ರ. ಈಗ ಸೇದದಿದ್ದರೆ ನಿದ್ದೆ ಬರುವುದಿಲ್ಲ." ಎರಡು ಸೆಮಿಸ್ಟರಿನಲ್ಲಿ ಐದು ವಿಷಯ ಉಳಿಸಿಕೊಂಡಿದ್ದನ್ನೂ ಅಲ್ಲೇ ಹೇಳಿದ. ಪಾಸಾಗಿದ್ದೇನೆ ಎಂದು ಮನೆಯಲ್ಲಿ ಹೇಳುತ್ತಾ ಬಂದಿದ್ದ.

ಇದನ್ನು ನಿನಗೆ ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ಗಾಂಜಾದಿಂದ ಏನೂ ಆಗುವುದಿಲ್ಲ, ಅದು ಗಿಡಮೂಲಿಕೆ ಎನ್ನುವವರ ಮಾತನ್ನು ನಾನು ಇನ್ನು ಒಪ್ಪಲಾರೆ. ಆ ನಾಲ್ವರಲ್ಲಿ ಇನ್ನೊಬ್ಬ ಹುಡುಗನಿದ್ದಾನೆ, ಹೊಸನಗರ ಕಡೆಯವನು. ಅವನಿಗೆ ಜನವರಿಯಿಂದಲೇ ಯಾರೋ ತನ್ನ ಬಗ್ಗೆ ಮಾತಾಡಿಕೊಳ್ಳುವುದು ಕಿವಿಗೆ ಬೀಳುತ್ತಿತ್ತಂತೆ. ಮೊಬೈಲನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟು ಮಲಗುತ್ತಿದ್ದ, ಅದರಿಂದ ತನ್ನ ಮಾತು ಕೇಳಿಸಿಕೊಳ್ಳುತ್ತಾರೆ ಎಂದು. ಮನೆಯವರು ಮೊದಲು ದೆವ್ವವೋ ಮಾಟವೋ ಎಂದು ನೋಟ ಕೇಳಿಸಲು ಹೋದರು, ತಡೆ ಹಿಡಿಸಿದರು, ಆಮೇಲೆ ಮನೋವೈದ್ಯರ ಹತ್ತಿರ ಬಂದರು. ವೈದ್ಯರು ಕೇಳಿದ ಮೊದಲ ಪ್ರಶ್ನೆ, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದು. ಹುಡುಗನ ದೊಡ್ಡಪ್ಪನಿಗೆ ಆಗಿತ್ತು. ಗಾಂಜಾ ಇಲ್ಲದಿದ್ದರೂ ಇದು ಬರುತ್ತಿತ್ತೋ ಇಲ್ಲವೋ ಹೇಳಲಾಗದು, ಆದರೆ ಇಂಥ ಮನೆತನದವರು ಇದನ್ನು ಮುಟ್ಟಬಾರದು ಎಂದರಂತೆ. ಮೆದುಳು ಬೆಳೆದು ಮುಗಿಯುವುದೇ ಇಪ್ಪತ್ತೈದರ ಹೊತ್ತಿಗೆ. ಹದಿಹರೆಯದಲ್ಲಿ ಶುರು ಮಾಡಿದವರಲ್ಲಿ ಸರಿಸುಮಾರು ಆರರಲ್ಲಿ ಒಬ್ಬರಿಗೆ ಚಟವಾಗಿ ಅಂಟಿಕೊಳ್ಳುತ್ತದೆ ಎನ್ನುತ್ತಾರೆ. ದೊಡ್ಡವರಾದ ಮೇಲೆ ಶುರು ಮಾಡಿದವರಲ್ಲಿ ಅದು ಇದಕ್ಕಿಂತ ಕಡಿಮೆ.

ಬೈರಜ್ಜನ ಭಂಗಿಯನ್ನೂ ಇವತ್ತಿನ ಮಾಲನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡ. ಅಮಲು ತರುವ ಅಂಶ ಟಿಎಚ್‌ಸಿ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ 1995ರ ಸುಮಾರಿಗೆ ಅದು ಶೇ 4ರಷ್ಟಿತ್ತು, 2014ರ ಹೊತ್ತಿಗೆ ಶೇ 12 ಮುಟ್ಟಿತ್ತು. ನಿಮ್ಮಲ್ಲಿ ಪೊಟ್ಟಣದ ಮೇಲೆ ಅದು ಎಷ್ಟೆಂದು ಅಚ್ಚಾಗಿರುತ್ತದೆ. ಇಲ್ಲಿ ದಿನಪತ್ರಿಕೆಯ ಚೂರಿನಲ್ಲಿ ಕಟ್ಟಿಕೊಟ್ಟದ್ದರಲ್ಲಿ ಎಷ್ಟಿದೆ, ಏನು ಬೆರೆಸಿದ್ದಾರೆ, ಯಾರಿಗೆ ಗೊತ್ತು? ಈ ಒಂದು ಮಾತಿನಲ್ಲಿ ನೀನು ಗೆದ್ದೆ, ಒಪ್ಪುತ್ತೇನೆ.

ಇನ್ನು ಕಾನೂನು. ವಕೀಲರ ಮನೆಗೆ ಆರು ಸಲ ಅಲೆದು ನಾನು ಕಲಿತಷ್ಟನ್ನು ಹೇಳುತ್ತೇನೆ. ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು. ಮಕ್ಕಳ ದಿನಾಚರಣೆ, ನಾವಿಬ್ಬರೂ ಶಾಲೆಯಲ್ಲಿ ಪೆಪ್ಪರ್‌ಮೆಂಟು ತಿನ್ನುತ್ತಿದ್ದ ದಿನ. ಅದಕ್ಕೆ ಮೊದಲು ಇದು ರಾಜ್ಯಗಳ ಅಬಕಾರಿ ಕಾನೂನಿನ ಕೆಳಗಿತ್ತು. 1961ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕುವಾಗ ಭಾರತ ಇಪ್ಪತ್ತೈದು ವರ್ಷದ ಗಡುವು ಕೇಳಿಕೊಂಡಿತ್ತು, ಆ ಗಡುವು ತೀರುವ ಹೊತ್ತಿಗೆ ಈ ಕಾಯ್ದೆ ಬಂತು. ಅದಕ್ಕೂ ಎಷ್ಟೋ ಮೊದಲು, 1893ರಲ್ಲಿ, ಬ್ರಿಟಿಷ್ ಸರ್ಕಾರ ಒಂದು ಆಯೋಗ ಮಾಡಿ ದೇಶವೆಲ್ಲ ಸುತ್ತಿಸಿತ್ತು. ಸಾವಿರಕ್ಕೂ ಹೆಚ್ಚು ಜನರ ಸಾಕ್ಷಿ ಪಡೆದು, ಹುಚ್ಚಾಸ್ಪತ್ರೆಗಳ ದಾಖಲೆಗಳನ್ನೂ ತಿರುವಿ ಹಾಕಿ, ಮಿತವಾಗಿ ಬಳಸುವವರಿಗೆ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಕೇಡು, ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಹತೋಟಿಯಲ್ಲಿಡಿ ಎಂದು 1894ರಲ್ಲಿ ವರದಿ ಕೊಟ್ಟರು.

ನಮ್ಮ ಕಾಯ್ದೆಯ ಪ್ರಕಾರ ಹೂವು, ಕಾಯಿ ಬಿಟ್ಟ ತುದಿ ಗಾಂಜಾ. ತುದಿ ಸೇರದ ಬರಿಯ ಎಲೆ, ಬೀಜ ಗಾಂಜಾ ಅಲ್ಲ. ಹಾಗಾಗಿಯೇ 2022ರಲ್ಲಿ ನಮ್ಮ ಹೈಕೋರ್ಟು ಎಲೆಯಿಂದ ಮಾಡುವ ಭಾಂಗ್ ಈ ಕಾಯ್ದೆಯಡಿ ನಿಷೇಧಿತವಲ್ಲ ಎಂದು ಹೇಳಿ ಒಬ್ಬನಿಗೆ ಜಾಮೀನು ಕೊಟ್ಟಿತು. ಒಂದೇ ಗಿಡ, ಒಂದು ಕೊಂಬೆ ದೇವರ ಪ್ರಸಾದ, ಇನ್ನೊಂದು ಜೈಲು. ಒಂದು ಕಿಲೋವರೆಗೆ 'ಸಣ್ಣ ಪ್ರಮಾಣ', ಇಟ್ಟುಕೊಂಡರೆ ಒಂದು ವರ್ಷದವರೆಗೆ ಸಜೆ. ಇಪ್ಪತ್ತು ಕಿಲೋ ದಾಟಿದರೆ 'ವಾಣಿಜ್ಯ ಪ್ರಮಾಣ', ಹತ್ತರಿಂದ ಇಪ್ಪತ್ತು ವರ್ಷ. ಸೇದಿದ್ದಕ್ಕೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಅಥವಾ ಎರಡೂ.

ನನಗೆ ಎದೆಗೆ ನಾಟಿದ್ದು ಇದಲ್ಲ, ಅದೇ ಕಾಯ್ದೆಯ 64ಎ ಕಲಂ. ಚಟಕ್ಕೆ ಬಿದ್ದವನು ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪೂರೈಸಿದರೆ, ಸೇವನೆ ಮತ್ತು ಸಣ್ಣ ಪ್ರಮಾಣದ ಆರೋಪಗಳಲ್ಲಿ ಅವನ ಮೇಲೆ ಮೊಕದ್ದಮೆ ಇರುವುದಿಲ್ಲ. ಇಷ್ಟು ಒಳ್ಳೆಯ ಮಾತು ಕಾನೂನಿನ ಪುಸ್ತಕದಲ್ಲೇ ಇದೆ ಮಾರಾಯ! ಆ ರಾತ್ರಿ ಠಾಣೆಯಲ್ಲಿ ನಮಗೆ ಯಾರೂ ಹೇಳಲಿಲ್ಲ. ಮರುದಿನ ಸಿಕ್ಕ ಮೊದಲ ವಕೀಲರೂ ಹೇಳಲಿಲ್ಲ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಒಂದೇ ದಿನದಲ್ಲಿ ಮುಗಿಯುತ್ತದೆ ಎಂದರು. ಮುಗಿಯುವುದಿಲ್ಲ. ತಪ್ಪೊಪ್ಪಿಕೊಂಡದ್ದು ಶಿಕ್ಷೆಯಾದಂತೆಯೇ, ನಾಳೆ ಕೆಲಸಕ್ಕೆ ಸೇರುವಾಗ ಪೊಲೀಸ್ ಪರಿಶೀಲನೆಗೆ ಬಂದರೆ ಆ ಕಾಗದ ಎದ್ದು ನಿಲ್ಲುತ್ತದೆ. ನಾಲ್ವರಲ್ಲಿ ಒಬ್ಬ ಹುಡುಗ ಹಾಗೆಯೇ ಮಾಡಿದ. ಅವನಿಗೆ ಈಗ ಇಪ್ಪತ್ತು ವರ್ಷ.

ಹೀಗಿರುವಾಗ ಕಾನೂನುಬದ್ಧ ಮಾಡಿಬಿಡಿ ಎನ್ನುವ ನಿನ್ನ ಮಾತಿಗೆ ನಾನೇಕೆ ಹೂಂ ಎನ್ನುತ್ತಿಲ್ಲ ಎಂದು ಕೇಳುತ್ತೀಯ.

ನಮ್ಮ ರಾಜ್ಯ ಹೆಂಡದ ವಿಷಯದಲ್ಲಿ ನಡೆದುಕೊಂಡದ್ದನ್ನು ನೋಡಿದ್ದೇನೆ, ಅದಕ್ಕೆ. 2007ರ ಜುಲೈನಲ್ಲಿ ಸಾರಾಯಿ ನಿಂತಾಗ ನಮ್ಮೂರಿನ ಹೆಂಗಸರು ಮಾರಿಗುಡಿಯ ಮುಂದೆ ಹಣ್ಣುಕಾಯಿ ಮಾಡಿಸಿದರು. ಸಾರಾಯಿಯ ಜಾಗಕ್ಕೆ ಕಡಿಮೆ ಬೆಲೆಯ ವಿಸ್ಕಿ ಬಂತು, ಅದೂ ಕಾಗದದ ಪೊಟ್ಟಣದಲ್ಲಿ, ಜೇಬಿಗೆ ಹಿಡಿಸುವ ಹಾಗೆ. ಈಗ ನಮ್ಮೂರಿಗೆ ಬಾರ್ ಇಲ್ಲ, ಆದರೆ ಮೂರು ಗೂಡಂಗಡಿಯಲ್ಲಿ ಬೆಳಗ್ಗೆ ಆರಕ್ಕೇ ಸಿಗುತ್ತದೆ. ರಾಜ್ಯದ ಖಜಾನೆಗೆ ಅಬಕಾರಿಯಿಂದ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬರುತ್ತದೆ. ಪ್ರತಿ ಬಜೆಟ್ಟಿನಲ್ಲೂ ಇಷ್ಟು ಗಳಿಸಲೇಬೇಕೆಂದು ಗುರಿ ಇಡುತ್ತಾರೆ. ಕುಡಿಯುವವರು ಕಡಿಮೆಯಾದರೆ ಸರ್ಕಾರಕ್ಕೆ ಚಿಂತೆಯಾಗುವ ಸ್ಥಿತಿ. ಇಂಥ ಕೈಯಲ್ಲಿ ಇನ್ನೊಂದು ಅಮಲಿನ ಅಂಗಡಿ ಕೊಟ್ಟರೆ ಅದಕ್ಕೂ ಗುರಿ ಬರುತ್ತದೆ, ಹರಾಜು ಬರುತ್ತದೆ. ಹತ್ತೊಂಬತ್ತೋ ಇಪ್ಪತ್ತೊಂದೋ ವಯಸ್ಸಿನ ಮಿತಿ ಬೋರ್ಡಿನ ಮೇಲೆ ಇರುತ್ತದೆ. ಶಾಲೆಯ ನೂರು ಗಜದೊಳಗೆ ಬೀಡಿ, ಸಿಗರೇಟು ಮಾರಬಾರದೆಂಬ ಕಾನೂನು ಇದೆಯಲ್ಲ, ನೀನು ಬಂದಾಗ ನಮ್ಮ ಹಳೆಯ ಹೈಸ್ಕೂಲಿನ ಗೇಟಿನಿಂದ ಹೆಜ್ಜೆ ಎಣಿಸು. ನಲವತ್ತೆರಡಕ್ಕೆ ಅಂಗಡಿ ಸಿಗುತ್ತದೆ, ನಾನು ಎಣಿಸಿದ್ದೇನೆ.

ದೇಶದಲ್ಲಿ ಇವತ್ತು ಹೆಂಡ ಕುಡಿಯುವವರು ಸುಮಾರು 16 ಕೋಟಿ, ಭಾಂಗ್ ಗಾಂಜಾ ಎಲ್ಲ ಸೇರಿಸಿ ಬಳಸುವವರು 3 ಕೋಟಿಯಷ್ಟು. ಇದು 2019ರಲ್ಲಿ ಕೇಂದ್ರ ಸರ್ಕಾರ ಹೊರತಂದ ಸಮೀಕ್ಷೆಯ ಲೆಕ್ಕ. ಹೆಂಡವೇ ಹೆಚ್ಚು ಮನೆ ಹಾಳು ಮಾಡಿದೆ, ಅದು ಕಾನೂನುಬದ್ಧ, ಇದು ಮಾತ್ರ ಯಾಕಿಲ್ಲ ಎಂದು ನೀನು ವಾದಿಸುತ್ತೀಯ. ನಾನು ಅದೇ ಲೆಕ್ಕವನ್ನು ಇನ್ನೊಂದು ತುದಿಯಿಂದ ಓದುತ್ತೇನೆ: ಅಂಗಡಿ ತೆರೆದದ್ದು ಎಷ್ಟು ಹಬ್ಬಿದೆ ನೋಡು. ತೆರೆದ ಮೇಲೆ ಮುಚ್ಚುವುದೂ ಸುಲಭವಲ್ಲ. ಥಾಯ್ಲೆಂಡ್ 2022ರಲ್ಲಿ ಬಾಗಿಲು ತೆರೆಯಿತು, ಸಾವಿರಾರು ಅಂಗಡಿ ಎದ್ದವು. 2025ರಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಹಿಂದಕ್ಕೆ ಎಳೆದರು. ಸಾಲ ಮಾಡಿ ಅಂಗಡಿ ಹಾಕಿದವರ ಪಾಡೇನು?

ನಮ್ಮ ಗುಡ್ಡದ ಆಚೆ ಮಗ್ಗುಲಲ್ಲಿ ನಡೆದದ್ದನ್ನೂ ಹೇಳಬೇಕು, ಇದನ್ನು ನೀನು ಪತ್ರಿಕೆಯಲ್ಲಿ ಓದಿರಲಾರೆ. ಒಂದೂವರೆ ಎಕರೆ ಬಗರ್‌ಹುಕುಂ ಜಮೀನಿನ ರೈತ. ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಸೋಗೆ ಸುಟ್ಟಂತಾಗಿತ್ತು. ಸಾಲ ತಂದು ಶುಂಠಿ ಹಾಕಿದ, ಕೀಳುವ ಹೊತ್ತಿಗೆ ದರ ಬಿತ್ತು. ಯಾರೋ ಪೇಟೆಯವನು ಬೀಜ ತಂದುಕೊಟ್ಟು, ಜೋಳದ ಸಾಲಿನ ನಡುವೆ ಹಾಕು, ನಾನೇ ಬಂದು ಒಯ್ಯುತ್ತೇನೆ ಎಂದ. ಇಪ್ಪತ್ತಮೂರು ಗಿಡ ಎದ್ದವು. ಜೋಳ ಒಣಗುತ್ತಾ ಬಂದಾಗ ಆ ಗಿಡಗಳು ಮಾತ್ರ ಹಚ್ಚಗೆ, ಆಳೆತ್ತರ ನಿಂತು ದೂರಕ್ಕೇ ಕಂಡವು. ದಾಳಿಯಾಯಿತು. ಗಿಡ ಬೆಳೆದದ್ದಕ್ಕೆ ಸಣ್ಣ ಪ್ರಮಾಣ, ದೊಡ್ಡ ಪ್ರಮಾಣ ಎಂಬ ಭೇದವಿಲ್ಲ. ಹತ್ತು ವರ್ಷದವರೆಗೆ ಕಠಿಣ ಸಜೆ ಇದೆ. ಅವನು ಜಾಮೀನು ಸಿಗುವ ಮೊದಲು ನಾಲ್ಕು ತಿಂಗಳು ಒಳಗಿದ್ದ. ಹೆಂಡತಿ ನಮ್ಮ ತೋಟಕ್ಕೆ ಅಡಿಕೆ ಹೆಕ್ಕಲು ಬರುತ್ತಿದ್ದಳು, ಒಂದು ದಿನವೂ ತಲೆ ಎತ್ತಿ ಮಾತಾಡಲಿಲ್ಲ. ಬೀಜ ಕೊಟ್ಟವನು ಯಾರೆಂದು ಇವತ್ತಿಗೂ ಪತ್ತೆಯಿಲ್ಲ.

ಶ್ರೀಪತಿ, ನಾವು ಅಡಿಕೆಯವರು ಈ ವಿಷಯದಲ್ಲಿ ಸ್ವಲ್ಪ ಮೆತ್ತಗೆ ಮಾತಾಡಬೇಕು ಎಂದು ನನಗೆ ಅನ್ನಿಸುತ್ತದೆ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಂದಿನಿಂದ ನಮ್ಮ ಸಭೆಗಳಲ್ಲಿ ಕೂಗಿದ್ದೇ ಕೂಗಿದ್ದು: ಅಡಿಕೆ ಬೇರೆ, ಗುಟ್ಕಾ ಬೇರೆ, ಎಷ್ಟು, ಹೇಗೆ, ಯಾರು ತಿನ್ನುತ್ತಾರೆ ನೋಡಿ, ಬೆಳೆದವನನ್ನು ಕಳ್ಳನಂತೆ ಕಾಣಬೇಡಿ, ನಿಷೇಧಕ್ಕೆ ಮೊದಲು ಬದುಕುವ ದಾರಿ ತೋರಿಸಿ. ಆ ಸಭೆಗಳಲ್ಲಿ ನಾನೂ ಕೈ ಎತ್ತಿದ್ದೇನೆ. ನಮಗಾಗಿ ಕೇಳಿದ ಇದೇ ನ್ಯಾಯವನ್ನು ಗುಡ್ಡದ ಆಚೆಯ ಆ ರೈತನಿಗೆ ಕೊಡುವುದಕ್ಕೆ ನಮ್ಮೂರಿನಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಅಕ್ಕನ ಮಗನ ಫೋಟೊ ಬರುವವರೆಗೆ ನನಗೂ ಅದು ಬೇರೆಯವರ ಮನೆಯ ಸುದ್ದಿಯಾಗಿತ್ತು.

ನನಗೆ ಬೇಕಾದದ್ದು ನಿನ್ನ ಅಂಗಡಿಯೂ ಅಲ್ಲ, ಇಲ್ಲಿಯ ಬೇಡಿಯೂ ಅಲ್ಲ. ಪೋರ್ಚುಗಲ್ 2001ರಿಂದ ಒಂದು ದಾರಿ ಹಿಡಿದಿದೆ. ಅಲ್ಲಿ ಮಾರುವುದು ಅಪರಾಧವೇ, ಆದರೆ ತನ್ನ ಬಳಕೆಗೆ ಸ್ವಲ್ಪ ಇಟ್ಟುಕೊಂಡವನನ್ನು ಕ್ರಿಮಿನಲ್ ಕೋರ್ಟಿಗೆ ಎಳೆಯುವುದಿಲ್ಲ, ವೈದ್ಯರು, ಸಮಾಜ ಕಾರ್ಯಕರ್ತರು ಇರುವ ಒಂದು ಸಮಿತಿಯ ಮುಂದೆ ಕೂರಿಸುತ್ತಾರೆ. ನಮ್ಮಲ್ಲಿ 64ಎ ಅದರ ಅರ್ಧ ದಾರಿಗೆ ಬಂದು ನಿಂತಿದೆ. ಉಳಿದರ್ಧಕ್ಕೆ ಸೇದಿದವನ ಮೇಲಿನ ಕ್ರಿಮಿನಲ್ ಮೊಕದ್ದಮೆ ಹೋಗಬೇಕು. ಮುಖ ಮುಚ್ಚಿಸಿ ಫೋಟೊ ತೆಗೆಯುವುದು ನಾಳೆಯೇ ನಿಲ್ಲಬೇಕು, ಅದಕ್ಕೆ ಸಂಸತ್ತು ಕೂರಬೇಕಾಗಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ದಿನವಾದರೂ ಚಟ ಬಿಡಿಸುವ ವೈದ್ಯರು ಇರಬೇಕು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರು, ಆಗುಂಬೆ ಕಡೆಯವರಿಗೆ ಇನ್ನೂ ಮೂವತ್ತು ಹೆಚ್ಚು. ಕೂಲಿ ಬಿಟ್ಟು ವಾರವಾರ ಯಾರು ಹೋಗಿ ಬರುತ್ತಾರೆ? ಔಷಧಿಯಾಗಿ ಬೇಕಾದವರಿಗೆ ಅದು ಸಿಗಲಿ, ತಕರಾರಿಲ್ಲ. ಮಕ್ಕಳಿಗೆ ಬರುವ ಕೆಲವು ಕಠಿಣ ಮೂರ್ಛೆ ರೋಗಗಳಿಗೆ ಇದೇ ಗಿಡದ ಸಿಬಿಡಿ ಎಂಬ ಇನ್ನೊಂದು ಅಂಶದ ಔಷಧಿಯನ್ನು ಅಮೆರಿಕ 2018ರಲ್ಲೇ ಒಪ್ಪಿದೆ. ನಾರಿಗೆ ಬೆಳೆಯುವುದಾದರೆ ಉತ್ತರಾಖಂಡದಲ್ಲಿ ಪರವಾನಗಿ ಕೊಡುತ್ತಿದ್ದಾರೆ, ನಮ್ಮ ಗುಡ್ಡದವರಿಗೂ ಅದನ್ನು ಕೇಳಬಹುದು.

ಅಕ್ಕನ ಮಗನ ಮಾತಿಗೆ ಬರುತ್ತೇನೆ. ಮಾರ್ಚಿನಿಂದ ಚಿಕಿತ್ಸೆ ನಡೆಯುತ್ತಿದೆ. ಮೊದಲ ಎರಡು ವಾರ ಬಹಳ ಕಷ್ಟಪಟ್ಟ. ಊಟ ಸೇರುತ್ತಿರಲಿಲ್ಲ, ರಾತ್ರಿ ಬೆವೆತು ಎದ್ದು ಕೂರುತ್ತಿದ್ದ, ಅಕ್ಕನ ಮೇಲೆ ರೇಗುತ್ತಿದ್ದ. ಒಂದು ರಾತ್ರಿ ಎರಡು ಗಂಟೆಗೆ 14416ಕ್ಕೆ ಫೋನು ಮಾಡಿದೆವು, ಸರ್ಕಾರದ ಟೆಲಿಮಾನಸ್ ಸಹಾಯವಾಣಿ. ಆ ಕಡೆಯ ಹೆಣ್ಣುಮಗಳು ಮುಕ್ಕಾಲು ಗಂಟೆ ಕನ್ನಡದಲ್ಲೇ ಅವನ ಹತ್ತಿರ ಮಾತಾಡಿದರು. ಅವರ ಋಣ ನಮ್ಮ ಮೇಲಿದೆ. ಮೇ ತಿಂಗಳಲ್ಲಿ ಒಮ್ಮೆ ಜಾರಿದ, ತಾನೇ ಬಂದು ಹೇಳಿದ. ಭಾವ ಕೈ ಎತ್ತಿದರು, ಅಕ್ಕ ನಡುವೆ ನಿಂತಳು. ವೈದ್ಯರು ಮಾತ್ರ, ಬಂದು ಹೇಳಿದ್ದೇ ದೊಡ್ಡದು ಎಂದರು. ಈಗ ಎರಡು ತಿಂಗಳಾಯಿತು. ಉಳಿಸಿಕೊಂಡ ಐದರಲ್ಲಿ ಮೂರು ವಿಷಯ ಪಾಸಾಗಿದ್ದಾನೆ, ಅಂಕಪಟ್ಟಿ ನಾನೇ ನೋಡಿದೆ.

ಚಿಕಿತ್ಸೆ ಮುಗಿದ ಪತ್ರವನ್ನು ನ್ಯಾಯಾಲಯಕ್ಕೆ ಕೊಡಬೇಕು. ಮುಂದಿನ ವಾಯಿದೆ ಆಗಸ್ಟ್ ಎರಡನೆಯ ವಾರ. ಏನಾಗುತ್ತದೋ ತಿಳಿಸುತ್ತೇನೆ. ಅಷ್ಟರಲ್ಲಿ ನೀನು ಒಮ್ಮೆ ಅವನಿಗೆ ಫೋನು ಮಾಡು. ಓದು ಹೇಗಿದೆ ಎಂದು ಮಾತ್ರ ಕೇಳಿ ಇಡಬೇಡ. ಅಲ್ಲಿಯ ಅಂಗಡಿಗಳ ವಿಷಯವನ್ನೂ ಮುಚ್ಚಿಡಬೇಡ, ಅವನಿಗೆ ಎಲ್ಲ ಗೊತ್ತಿದೆ. ನನ್ನ ಈ ಪತ್ರವನ್ನೂ ಓದಿದ್ದಾನೆ, ಅಂಗಡಿಯ ವಿಷಯದಲ್ಲಿ ಅವನೂ ನಿನ್ನ ಕಡೆಯೇ. ಮಾತಾಡಿಕೊಳ್ಳಿ.

ಪೂರ್ವದ ಕಡೆ ಮೋಡ ಸ್ವಲ್ಪ ಒಡೆದಿದೆ. ದೋಟಿ, ಪಂಪು ಎಲ್ಲ ಹೊರಗೆ ತೆಗೆದಿಟ್ಟು ಕೊನೆಗೌಡ ಅಂಗಳದಲ್ಲಿ ನಿಂತು ಕರೆಯುತ್ತಿದ್ದಾನೆ. ಹೋಗುತ್ತೇನೆ.

ನಿನ್ನ,
ರಾಘು